ಗಲ್ಫಿಗೆ ಹೊರಟಿದ್ದೀರಾ? ಮನೆಯವರೂ ಒಮ್ಮೆ ಓದಿ

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಊರುಗಳಲ್ಲಿ ಗಲ್ಫಿನಲ್ಲಿ ಒಬ್ಬರೂ ಇಲ್ಲದ ವಾಳೆ ಹುಡುಕಿದರೂ ಸಿಗಲಿಕ್ಕಿಲ್ಲ. ನಮ್ಮ ಅಜ್ಜಂದಿರು ಬೊಂಬಾಯಿಗೆ ಹೋದರು. 1973ರ ನಂತರ ಎಣ್ಣೆಯ ಬೆಲೆ ಏರಿ ಅರಬ್ ದೇಶಗಳಲ್ಲಿ ಕೆಲಸ ಹೆಚ್ಚಿದಾಗ ಅಪ್ಪಂದಿರು ಕುವೈತ್, ಬಹ್ರೇನ್, ದುಬೈ ಹಾದಿ ಹಿಡಿದರು. ಈಗ ಗಂಡು ಮಕ್ಕಳಷ್ಟೇ ಅಲ್ಲ, ಹೆಣ್ಣು ಮಕ್ಕಳೂ ಹೊರಡುತ್ತಿದ್ದಾರೆ. ಗಲ್ಫಿನ ದುಡ್ಡಿನಿಂದ ಎಷ್ಟೋ ಮನೆಗಳಿಗೆ ಹಂಚು ಬಂತು, ತಾರಸಿ ಬಂತು, ತಂಗಿಯರ ಮದುವೆಯಾಯಿತು, ತಮ್ಮಂದಿರು ಕಾಲೇಜು ಮುಗಿಸಿದರು. ಇದು ಸಂತೋಷದ ವಿಷಯವೇ.

ಹೊರಡುವಾಗ ಮನೆಯಲ್ಲಿ ಗಡಿಬಿಡಿ. ವೀಸಾ ಬಂತಾ, ಮೆಡಿಕಲ್ ಪಾಸಾಯಿತಾ, ಟಿಕೆಟ್ ಬಜ್ಪೆಯಿಂದಲಾ ಬೆಂಗಳೂರಿನಿಂದಲಾ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ದಿನಗಳು ಹೇಗಿರುತ್ತವೆ, ಯಾವ ಕಾಗದ ಯಾರ ಕೈಯಲ್ಲಿರಬೇಕು, ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಕೇಳುವವರು ಕಡಿಮೆ. ಗಲ್ಫಿನಲ್ಲಿ ಚೆನ್ನಾಗಿ ನೆಲೆ ನಿಂತವರನ್ನು ನೋಡಿ: ಅವರ ಕಾಗದಪತ್ರ, ಅವರ ಸಂಬಳದ ಲೆಕ್ಕ, ನಂಬಬಹುದಾದ ನಾಲ್ಕು ಜನರ ಪರಿಚಯ, ಈ ಮೂರೂ ಅವರ ಕೈಯಲ್ಲೇ ಇರುತ್ತವೆ. ಕಷ್ಟಕ್ಕೆ ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ಈ ಮೂರರಲ್ಲಿ ಒಂದು ಕೈತಪ್ಪಿರುತ್ತದೆ. ಈ ಲೇಖನ ಹೊರಡುವವರಿಗೆ ಎಷ್ಟು ಬೇಕೋ ಮನೆಯಲ್ಲಿ ಉಳಿಯುವ ಅಪ್ಪ ಅಮ್ಮ, ಹೆಂಡತಿ, ಅಣ್ಣ ತಮ್ಮಂದಿರಿಗೂ ಅಷ್ಟೇ ಬೇಕು. ಯಾಕೆಂದು ಕೊನೆಗೆ ತಿಳಿಯುತ್ತದೆ.

ಕಫೀಲ್ ಎಂದರೆ ಯಾರು?

ಅಮೆರಿಕ, ಕೆನಡಾ ಕಡೆಗೆ ಹೋದವರಲ್ಲಿ ಕೆಲವರು ಮುಂದೆ ಅಲ್ಲಿಯವರೇ ಆಗಿಬಿಡುತ್ತಾರೆ. ಗಲ್ಫಿನಲ್ಲಿ ಹಾಗಲ್ಲ. ಮೂವತ್ತು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನ ವಾಸದ ಪರವಾನಿಗೆ ಅವನ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಕೆಲಸ ಕೊಡುವ ಕಂಪೆನಿ ಅಥವಾ ಮನೆಯ ಯಜಮಾನನೇ ಸರ್ಕಾರದ ಮುಂದೆ ನಿಮಗೆ ಜಾಮೀನು. ಅವನನ್ನು ಅರಬ್ಬಿಯಲ್ಲಿ ಕಫೀಲ್ ಎನ್ನುತ್ತಾರೆ. ಕೆಲಸ ಹೋದರೆ ಸ್ವಲ್ಪ ಕಾಲದಲ್ಲಿ ವಾಸದ ಪರವಾನಿಗೆಯೂ ಹೋಗುತ್ತದೆ. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರೆ "ಓಡಿಹೋಗಿದ್ದಾನೆ" ಎಂದು ಕಫೀಲ್ ದೂರು ಕೊಡಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಎನ್ನುತ್ತಾರೆ. ಒಮ್ಮೆ ಆ ದೂರು ದಾಖಲಾದರೆ ಬೇರೆ ಕೆಲಸವೂ ಕಷ್ಟ, ಊರಿಗೆ ಬರುವುದೂ ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ಕಟ್ಟುಪಾಡು ಸ್ವಲ್ಪ ಸಡಿಲವಾಗಿದೆ. ಕತಾರಿನಲ್ಲಿ 2020ರಿಂದ ಹಳೆಯ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸಬಹುದು. ಸೌದಿಯಲ್ಲಿ 2021ರ ಮಾರ್ಚ್‌ನಿಂದ ಕಂಪೆನಿ ಕೆಲಸಗಾರರಿಗೆ ಕೆಲವು ಷರತ್ತುಗಳ ಮೇಲೆ ಇದೇ ಅವಕಾಶ ಸಿಕ್ಕಿತು. ಆದರೆ ಮನೆಗೆಲಸದವರು, ಮನೆ ಡ್ರೈವರುಗಳು ಆ ಸುಧಾರಣೆಯಿಂದ ಹೊರಗೇ ಉಳಿದರು. ಹಾಗಾಗಿ ನಿಮ್ಮ ವೀಸಾ ಯಾವ ಬಗೆಯದು ಎಂದು ಮೊದಲೇ ಕೇಳಿಕೊಳ್ಳಿ. ಕುವೈತಿನಲ್ಲಿ ಕಂಪೆನಿ ಕೆಲಸದ ವೀಸಾಕ್ಕೆ 18 ನಂಬ್ರ, ಮನೆಗೆಲಸದ ವೀಸಾಕ್ಕೆ 20 ನಂಬ್ರ ಎನ್ನುತ್ತಾರೆ. "ಈಗ 20ರಲ್ಲಿ ಹೋಗು, ಆಮೇಲೆ ಅಂಗಡಿಯಲ್ಲಿ ಕೆಲಸ ಕೊಡಿಸ್ತೇನೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆಲಸದ ವೀಸಾದಲ್ಲಿ ಅಂಗಡಿ ಕೆಲಸ ಮಾಡಿದರೆ ಅದು ಅಪರಾಧ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಜೈಲು, ನಂತರ ಗಡೀಪಾರು.

ನಮ್ಮ ಕಡೆ "ಫ್ರೀ ವೀಸಾ" ಎಂಬ ಮಾತೊಂದಿದೆ. ಯಾರದ್ದೋ ಹೆಸರಿನಲ್ಲಿ ವೀಸಾ ತೆಗೆದು, ಅವರಿಗೆ ವರ್ಷಕ್ಕಿಷ್ಟು ಎಂದು ದುಡ್ಡು ಕೊಟ್ಟು, ಸಿಕ್ಕಿದ ಕಡೆ ಕೆಲಸ ಮಾಡುವುದು. ಇದು ಫ್ರೀಯೂ ಅಲ್ಲ, ಕಾನೂನಿಗೆ ಒಪ್ಪಿಗೆಯೂ ಅಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವುದೂ ಹಾಗೆಯೇ. ಕೆಲಸದ ಪರವಾನಿಗೆ ಕೈಗೆ ಬರುವ ಮೊದಲು ಕೆಲಸ ಮಾಡಿದರೆ ಸಂಬಳ ಕೊಡದಿದ್ದಾಗ ಕೇಳಲಿಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹೊರಡುವ ಮೊದಲೇ ಆಗುವ ಸಾಲ

ಗಲ್ಫ್ ಜೀವನದ ಅರ್ಧ ಕಷ್ಟ ಇಲ್ಲೇ, ನಮ್ಮ ಜಗಲಿಯಲ್ಲೇ ಹುಟ್ಟುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್‌ಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಇದಕ್ಕೆ ರಶೀದಿ ಕೊಡಲೇಬೇಕು. ಏಜೆಂಟನ ಲೈಸೆನ್ಸ್ ನಿಜವೋ ಸುಳ್ಳೋ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಮೊಬೈಲಿನಲ್ಲಿ ನೋಡಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳ ಹತ್ತಿರ ಹೇಳಿ, ಐದು ನಿಮಿಷದ ಕೆಲಸ.

ಆದರೆ ನಡೆಯುವುದು ಏನು? ಪೇಟೆಯಲ್ಲಿ ಒಬ್ಬ ಸಬ್ ಏಜೆಂಟ್ ಇರುತ್ತಾನೆ. ಬೋರ್ಡಿಲ್ಲ, ರಶೀದಿಯಿಲ್ಲ, "ನಮ್ಮವರೇ ಅಲ್ವಾ" ಎಂಬ ಮಾತಷ್ಟೇ. ಒಂದೂವರೆ ಲಕ್ಷ ಕೇಳುತ್ತಾನೆ. ಮನೆಯವರು ಚಿನ್ನ ಅಡವಿಡುತ್ತಾರೆ, ಸ್ವಸಹಾಯ ಸಂಘದಲ್ಲಿ ಬೇರೆ ಕಾರಣ ಹೇಳಿ ಸಾಲ ತೆಗೆಯುತ್ತಾರೆ, ಉಳಿದದ್ದು ಬಡ್ಡಿಗೆ.

ಒಂದು ಲೆಕ್ಕ ಮಾಡೋಣ. ದುಬೈಯಲ್ಲಿ ಸಂಬಳ 1,200 ದಿರ್ಹಮ್, ಕೋಣೆ ಕಂಪೆನಿಯದ್ದು ಎಂದಿಟ್ಟುಕೊಳ್ಳಿ. ಊಟ, ಫೋನು, ಸೋಪು, ಬಸ್ಸು ಎಂದು 500 ಹೋದರೆ ಉಳಿಯುವುದು 700. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ 16,100 ರೂಪಾಯಿ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿಯೆಂದರೆ ಮೊದಲ ತಿಂಗಳು ಬಡ್ಡಿಯೇ 3,000. ಮನೆ ಖರ್ಚಿಗೆ ಒಂದು ರೂಪಾಯಿಯೂ ಕೊಡದೆ ಉಳಿದದ್ದೆಲ್ಲವನ್ನೂ ಸಾಲಕ್ಕೇ ಕಟ್ಟಿದರೂ ಹತ್ತು ಹನ್ನೊಂದು ತಿಂಗಳು ಬೇಕು. ಮನೆ ಖರ್ಚಿಗೂ ಕಳಿಸಿದರೆ ಎರಡು ವರ್ಷ. ಅಷ್ಟು ಹೊತ್ತಿಗೆ ಕರಾರಿನ ಅವಧಿಯೇ ಮುಗಿದಿರುತ್ತದೆ!

ಸಾಲದ ದೊಡ್ಡ ತೊಂದರೆ ಬಡ್ಡಿ ಮಾತ್ರ ಅಲ್ಲ. ಸಾಲ ಇರುವವನು "ಈ ಕೆಲಸ ಸರಿಯಿಲ್ಲ, ವಾಪಸು ಬರ್ತೇನೆ" ಎಂದು ಹೇಳಲಾರ. ಸಂಬಳ ಎರಡು ತಿಂಗಳು ನಿಂತರೂ ಬಾಯಿ ಬಿಡಲಾರ. ಕೆಟ್ಟ ಮಾಲೀಕನಿಗೆ ಬೇಕಾದದ್ದೂ ಇಂಥವನೇ. ಆದ್ದರಿಂದ ವೀಸಾ ಕಳಿಸುವ ಖರ್ಚು ಕೆಲಸ ಕೊಡುವವನದ್ದು ಎಂಬುದನ್ನು ತಿಳಿದಿರಿ. ಯು.ಎ.ಇ.ಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ.

ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಇದ್ದರೆ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದಾಗಿರುತ್ತದೆ. ಇಂಥವರು ಗಲ್ಫಿನ ಆರೂ ದೇಶಗಳು ಸೇರಿ ಒಟ್ಟು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಬೆಂಗಳೂರಿನಲ್ಲೂ ಈ ಅಧಿಕಾರಿಯ ಕಚೇರಿ ಇದೆ. "ಇದೆಲ್ಲ ತಲೆನೋವು, ವಿಸಿಟ್ ವೀಸಾದಲ್ಲಿ ದಾಟಿಸ್ತೇನೆ" ಎನ್ನುವ ಏಜೆಂಟ್ ನಿಮಗೆ ಉಪಕಾರ ಮಾಡುತ್ತಿಲ್ಲ. ಅನುಮತಿಯ ಜೊತೆಗೆ ನಿಮ್ಮ ಕರಾರು ಪತ್ರ ಸರ್ಕಾರದ ದಾಖಲೆಗೆ ಸೇರುತ್ತದೆ, ವಿಮೆಯೂ ಆಗುತ್ತದೆ. ಅದನ್ನು ತಪ್ಪಿಸಿದರೆ ನೀವು ಹೋಗಿದ್ದೀರೆಂಬುದೇ ದಾಖಲೆಯಲ್ಲಿರುವುದಿಲ್ಲ.

ಆ ವಿಮೆಯ ಹೆಸರು ಪ್ರವಾಸಿ ಭಾರತೀಯ ಬೀಮಾ ಯೋಜನೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ. ಅಪಘಾತದಲ್ಲಿ ಸತ್ತರೆ ಅಥವಾ ಕಾಯಂ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. ಇ.ಸಿ.ಆರ್. ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ. ಪಾಲಿಸಿಯ ಕಾಗದ ಪೆಟ್ಟಿಗೆಯೊಳಗೆ ದುಬೈಗೆ ಹೋದರೆ ಏನು ಪ್ರಯೋಜನ? ಅದರ ಒಂದು ಪ್ರತಿ ನಾಮಿನಿಯ ಕೈಯಲ್ಲಿ, ಅಂದರೆ ಊರಿನಲ್ಲಿರಬೇಕು.

ಇನ್ನೊಂದು ಮಾತು. ಇ.ಸಿ.ಆರ್. ಪಾಸ್‌ಪೋರ್ಟ್ ಇರುವ ಮಹಿಳೆಗೆ 30 ವರ್ಷ ತುಂಬದಿದ್ದರೆ ಈ ದೇಶಗಳಿಗೆ ಕೆಲಸಕ್ಕೆ ಹೋಗಲು ಅನುಮತಿ ಸಿಗುವುದಿಲ್ಲ. ವಯಸ್ಸು ತಿದ್ದಿ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಕರಾರು ಪತ್ರ ಓದುವುದು ಹೇಗೆ?

ಕರಾರು ಪತ್ರ ಇಲ್ಲದೆ ವಿಮಾನ ಹತ್ತಬೇಡಿ. ಓದುವಾಗ ಇವಿಷ್ಟು ನೋಡಿ: ಕೆಲಸದ ಹೆಸರು ಏನು, ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು, ದಿನಕ್ಕೆ ಎಷ್ಟು ಗಂಟೆ, ಊಟ ಮತ್ತು ಕೋಣೆ ಯಾರದ್ದು, ರಜೆಯಲ್ಲಿ ಊರಿಗೆ ಬರುವ ಟಿಕೆಟ್ ಯಾರದ್ದು.

ಮೂಲ ಸಂಬಳ, ಅಂದರೆ ಬೇಸಿಕ್, ಯಾಕೆ ಮುಖ್ಯ? ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿಗೆ ಯು.ಎ.ಇ.ಯಲ್ಲಿ ಬೇಸಿಕ್ ಮಾತ್ರ ಲೆಕ್ಕ. ಅಲ್ಲಿ ಒಂದು ವರ್ಷ ಪೂರ್ತಿ ಮಾಡಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಅದರ ಮೇಲಿನ ವರ್ಷಗಳಿಗೆ 30 ದಿನದ್ದು ಸಿಗುತ್ತದೆ. 1,200ರಲ್ಲಿ ಬೇಸಿಕ್ 600 ಎಂದು ಬರೆದು ಉಳಿದದ್ದನ್ನು ಭತ್ಯೆ ಎಂದು ತೋರಿಸಿದರೆ ಗ್ರಾಚುಯಿಟಿಯೂ ಅರ್ಧಕ್ಕಿಳಿಯುತ್ತದೆ. ಗಲ್ಫಿನಲ್ಲಿ ಹೊರಗಿನ ಕೆಲಸಗಾರರಿಗೆ ನಮ್ಮಲ್ಲಿಯ ಹಾಗೆ ಪಿಂಚಣಿ ಇಲ್ಲ. ಹಾಗಾಗಿ ಇದು ಸಣ್ಣ ಮಾತಲ್ಲ.

ಇಲ್ಲಿ ಒಂದು ಕರಾರಿಗೆ ಸಹಿ, ಅಲ್ಲಿ ಇಳಿದ ಮೇಲೆ ಅರಬ್ಬಿಯಲ್ಲಿ ಇನ್ನೊಂದಕ್ಕೆ ಸಹಿ ಎಂದರೆ ಎಚ್ಚರವಾಗಿರಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅದರ ಫೋಟೋ ತೆಗೆದು ಓದಬಲ್ಲ ಒಬ್ಬರಿಗೆ ತೋರಿಸಿ.

ಪೆಟ್ಟಿಗೆಯಲ್ಲಿ ಏನು ಬೇಡ

ಅಮ್ಮಂದಿರು ಉಪ್ಪಿನಕಾಯಿ, ಒಣಮೀನು, ಮಸಾಲೆ ಹುಡಿ ಕಟ್ಟಿಕೊಡುವುದು ಪದ್ಧತಿ. ಮಸಾಲೆ ಸಾಮಾನಿನ ಜೊತೆ ಗಸಗಸೆ ಮಾತ್ರ ಖಂಡಿತ ಬೇಡ. ನಮಗೆ ಅದು ಪಾಯಸದ ಸಾಮಾನು. ಯು.ಎ.ಇ., ಸೌದಿಗಳಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ. ಅಫೀಮಿನ ಗಿಡದ ಬೀಜ ಎಂಬುದೇ ಕಾರಣ. ಅದೇ ರೀತಿ ಕೆಲವು ನೋವಿನ ಮಾತ್ರೆ, ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗಳಿಗೂ ಕಟ್ಟುನಿಟ್ಟಿನ ನಿಯಮವಿದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುವವರು ಡಾಕ್ಟರ ಚೀಟಿ ಜೊತೆಗಿಡಿ. ಯಾರಾದರೂ "ಅಲ್ಲಿ ನನ್ನ ಬಾವನಿಗೆ ಕೊಡಿ" ಎಂದು ಕಟ್ಟಿದ ಪೊಟ್ಟಣ ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಅವರಿಗೆ ಬೇಸರವಾಗಬಹುದು, ಆಗಲಿ. ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆ ಉತ್ತರ ಕೊಡಬೇಕಾದವರು ನೀವೇ.

ಮೊದಲ ತಿಂಗಳು: ಕಾರ್ಡು ಬರುವ ತನಕ

ಇಳಿದ ಮೇಲೆ ಅಲ್ಲಿ ಮತ್ತೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಆಮೇಲೆ ಗುರುತಿನ ಕಾರ್ಡು. ಸೌದಿಯಲ್ಲಿ ಇದನ್ನು ಇಕಾಮಾ ಎನ್ನುತ್ತಾರೆ, ನಮ್ಮವರ ಬಾಯಲ್ಲಿ ಅಕಾಮ. ಕುವೈತಿನಲ್ಲಿ ಸಿವಿಲ್ ಐ.ಡಿ., ಯು.ಎ.ಇ.ಯಲ್ಲಿ ಎಮಿರೇಟ್ಸ್ ಐ.ಡಿ. ಕೂಡುಮಾತಿನಲ್ಲಿ ಬತಾಕ. ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ಆಸ್ಪತ್ರೆ, ಊರಿಗೆ ದುಡ್ಡು ಕಳಿಸುವುದು, ಎಲ್ಲಕ್ಕೂ ಇದೇ ಬೇಕು. ಹೊರಗೆ ಹೋಗುವಾಗ ಕಾರ್ಡು ಜೇಬಿನಲ್ಲಿರಲಿ.

ಕಾರ್ಡಿನ ಕೆಲಸಕ್ಕೆಂದು ಕಂಪೆನಿ ಕೆಲವು ದಿನ ಪಾಸ್‌ಪೋರ್ಟ್ ತೆಗೆದುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಕೇಳಿ ವಾಪಸು ಪಡೆಯಿರಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಮಾಲೀಕ ಅದನ್ನು ಬೀರುವಿನಲ್ಲಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿನ ಪ್ರಕಾರವೂ ತಪ್ಪು. ನಿಜ, ಎಷ್ಟೋ ಕಡೆ ಹಾಗೆ ಇಟ್ಟುಕೊಳ್ಳುತ್ತಾರೆ. ಕೇಳಲು ಹೆದರಿಕೆಯಾದರೆ ಕಡೇಪಕ್ಷ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕಾರ್ಡು, ಕರಾರು, ಇವುಗಳ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ, ಮನೆಯವರ ಮೊಬೈಲಿನಲ್ಲೂ ಇರಲಿ.

ಮೊದಲ ಸಂಬಳ ಬ್ಯಾಂಕಿಗೆ ಬಂತೇ ನೋಡಿ. ಯು.ಎ.ಇ.ಯಲ್ಲಿ 2009ರಿಂದ ಕಂಪೆನಿಗಳು ಸಂಬಳವನ್ನು ಸರ್ಕಾರಕ್ಕೆ ಕಾಣುವ ವ್ಯವಸ್ಥೆಯ ಮೂಲಕ ಬ್ಯಾಂಕಿಗೆ ಹಾಕಬೇಕು. ಕೈಗೆ ಕೊಟ್ಟರೆ ಲೆಕ್ಕ ಉಳಿಯುವುದಿಲ್ಲ. ಕೆಲಸದ ಗಂಟೆ, ಓವರ್‌ಟೈಮ್, ಬಂದ ಸಂಬಳ ಇಷ್ಟನ್ನು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಮುಂದೆ ದೂರು ಕೊಡಬೇಕಾದರೆ ಆ ಪುಸ್ತಕವೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕೋಣೆ, ಊಟ, ಬಿಸಿಲು

ಹೆಚ್ಚಿನ ಗಂಡಸರ ವಾಸ ಕಂಪೆನಿಯ ಕ್ಯಾಂಪಿನಲ್ಲಿ, ಇಲ್ಲವೇ ನಾಲ್ಕಾರು ಮಂದಿ ಸೇರಿ ಹಿಡಿದ ಕೋಣೆಯಲ್ಲಿ. ಮೇಲೊಂದು ಕೆಳಗೊಂದು ಮಂಚ. ಕೋಣೆಗೆ ಹೋದ ದಿನವೇ ಮೆಟ್ಟಿಲು ಎಲ್ಲಿದೆ, ಹೊರಗೆ ಹೋಗುವ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕುತ್ತಾರಾ ಎಂದು ನೋಡಿಕೊಳ್ಳಿ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರಿದ್ದ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಮಂಚದ ಪಕ್ಕದಲ್ಲಿ ಅಡುಗೆ ಮಾಡುವುದು, ಒಂದೇ ಪ್ಲಗ್ಗಿಗೆ ನಾಲ್ಕು ವೈರ್ ಸಿಕ್ಕಿಸುವುದು ಬೇಡ.

ಊಟಕ್ಕೆ ಕೋಣೆಯವರು ಸರದಿಯಲ್ಲಿ ಅಡುಗೆ ಮಾಡುವುದು ಒಳ್ಳೆಯದು. ಖರ್ಚು ಕಡಿಮೆ, ಮಾತುಕತೆಗೂ ಆಗುತ್ತದೆ. ನಮ್ಮ ಕುಚ್ಚಲಕ್ಕಿ, ತೆಂಗಿನಕಾಯಿ, ಬಂಗುಡೆ ಎಲ್ಲ ಅಲ್ಲಿಯೂ ಸಿಗುತ್ತವೆ. ಬರೀ ಖುಬ್ಬೂಸ್, ಚಾ, ಸಿಗರೇಟಿನಲ್ಲಿ ದಿನ ದೂಡಿ ದುಡ್ಡು ಉಳಿಸುವವರು ನಲವತ್ತಕ್ಕೇ ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ತೆಗೆದುಕೊಂಡು ಊರಿಗೆ ಬರುತ್ತಾರೆ.

ಬಿಸಿಲು ನಮ್ಮ ಕರಾವಳಿಯ ಬಿಸಿಲಿನಂತಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವುದು ಸಾಮಾನ್ಯ. ಹಾಗಾಗಿ ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನಿದೆ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12:30ರಿಂದ 3 ಗಂಟೆ, ಕುವೈತಿನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ 11ರಿಂದ 4 ಗಂಟೆ. ನೀರು ಕುಡಿಯುತ್ತಿರಿ. ತಲೆ ಸುತ್ತಿ ಬೆವರು ನಿಂತರೆ ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ. ಚಳಿಗಾಲ ಬಂದಾಗ ಇನ್ನೊಂದು ಆಶ್ಚರ್ಯ. ಕುವೈತಿನಲ್ಲಿ ಜನವರಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಂದು ಸ್ವೆಟರ್ ಇಲ್ಲಿಂದಲೇ ಒಯ್ಯಿರಿ.

ಅಲ್ಲಿಯ ರೀತಿ ಅಲ್ಲಿಗೆ

ಕುವೈತ್, ಸೌದಿಗಳಲ್ಲಿ ರಂಜಾನ್ ತಿಂಗಳ ಹಗಲಿನಲ್ಲಿ ಬೀದಿಯಲ್ಲಿ ತಿನ್ನುವುದು, ನೀರು ಕುಡಿಯುವುದು, ಸಿಗರೇಟು ಸೇದುವುದು ಶಿಕ್ಷೆಗೆ ಗುರಿ. ಕುವೈತಿನಲ್ಲಿ ಮದ್ಯ ನಿಷೇಧ. ಕೋಣೆಯಲ್ಲಿ ಕಳ್ಳಭಟ್ಟಿ ಮಾಡಿ ಮಾರುವವರ ಜೊತೆ ಇದ್ದರೂ ನೀವು ಒಳಗೆ. ಗುರುತಿಲ್ಲದವರ, ಅದರಲ್ಲೂ ಹೆಂಗಸರ ಫೋಟೋ ತೆಗೆಯಬೇಡಿ. ಆ ದೇಶ, ಅಲ್ಲಿಯ ದೊರೆ, ಧರ್ಮದ ಬಗ್ಗೆ ಮೊಬೈಲಿನಲ್ಲಿ ಹಗುರವಾಗಿ ಬರೆದು ಕೆಲಸ ಕಳೆದುಕೊಂಡು ಜೈಲು ಸೇರಿದವರಿದ್ದಾರೆ.

ವಾರದ ರಜೆ ಎಲ್ಲ ಕಡೆ ಒಂದೇ ಅಲ್ಲ. ಕುವೈತ್, ಸೌದಿಗಳಲ್ಲಿ ಶುಕ್ರವಾರ ಶನಿವಾರ. ಯು.ಎ.ಇ. ಸರ್ಕಾರಿ ಕಚೇರಿಗಳಲ್ಲಿ 2022ರಿಂದ ಶನಿವಾರ ಭಾನುವಾರ, ಶುಕ್ರವಾರ ಅರ್ಧ ದಿನ. ದುಬೈಯ ಸೈಂಟ್ ಮೇರೀಸ್, ಅಬುಧಾಬಿಯ ಸೈಂಟ್ ಜೋಸೆಫ್ಸ್, ಕುವೈತಿನ ಹೋಲಿ ಫ್ಯಾಮಿಲಿ ಮುಂತಾದ ದೇವಾಲಯಗಳಲ್ಲಿ ಶುಕ್ರವಾರವೂ ಜನ ತುಂಬಿರುವುದಕ್ಕೆ ಈ ರಜೆಯ ಪದ್ಧತಿಯೇ ಕಾರಣ. ಸೌದಿಯಲ್ಲಿ ದೇವಾಲಯಗಳಿಲ್ಲ, ಬಹಿರಂಗ ಪೂಜೆಗೆ ಅವಕಾಶವೂ ಇಲ್ಲ. ಅಲ್ಲಿಗೆ ಹೋಗುವವರು ಇದನ್ನು ತಿಳಿದೇ ಹೊರಡಬೇಕು.

ಮನೆಗೆಲಸಕ್ಕೆ ಹೋಗುವ ಸಹೋದರಿಯರಿಗೆ

ಕ್ಯಾಂಪಿನಲ್ಲಿರುವವನಿಗೆ ಪಕ್ಕದ ಮಂಚದವನಾದರೂ ಇರುತ್ತಾನೆ. ಮನೆಗೆಲಸದ ಹೆಂಗಸಿಗೆ ನಾಲ್ಕು ಗೋಡೆ ಮಾತ್ರ. ಆದ್ದರಿಂದ ಇವರ ವಿಷಯದಲ್ಲಿ ಮನೆಯವರ ಜವಾಬ್ದಾರಿ ಹೆಚ್ಚು. ಕುವೈತಿನಲ್ಲಿ 2015ರಿಂದ ಮನೆಗೆಲಸದವರಿಗೇ ಬೇರೆ ಕಾನೂನು ಇದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ ಒಂದು ತಿಂಗಳ ಸಂಬಳ ಸಹಿತ ರಜೆ, ಕರಾರು ಮುಗಿದಾಗ ವರ್ಷಕ್ಕೊಂದು ತಿಂಗಳ ಸಂಬಳ, ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು. ಕಾನೂನು ಇದೆ ಎಂದಾಕ್ಷಣ ಎಲ್ಲ ಮನೆಯಲ್ಲೂ ಪಾಲಿಸುತ್ತಾರೆಂದಲ್ಲ. ಆದರೆ ನಮ್ಮ ಹಕ್ಕು ಏನೆಂದು ಗೊತ್ತಿದ್ದರೆ ಕೇಳಲಿಕ್ಕಾಗುತ್ತದೆ.

ಹೊರಡುವ ಮೊದಲು ಮಾಲೀಕರ ಪೂರ್ತಿ ಹೆಸರು, ಮನೆಯ ವಿಳಾಸ, ಫೋನ್ ನಂಬರ್ ಬರೆದುಕೊಳ್ಳಿ. ವಾರಕ್ಕೊಮ್ಮೆ ಇಂಥ ದಿನ ಇಂಥ ಹೊತ್ತಿಗೆ ಫೋನು ಎಂದು ಗೊತ್ತು ಮಾಡಿಕೊಳ್ಳಿ. ಕುವೈತ್, ಸೌದಿ, ಕತಾರ್, ಬಹ್ರೇನ್ ನಮಗಿಂತ ಎರಡೂವರೆ ಗಂಟೆ ಹಿಂದೆ, ಯು.ಎ.ಇ. ಒಂದೂವರೆ ಗಂಟೆ ಹಿಂದೆ. ಮಾಲೀಕರು ಪಕ್ಕದಲ್ಲಿರುವಾಗ ಬಾಯಿ ಬಿಟ್ಟು ಹೇಳಲಾಗದು. ಹಾಗಾಗಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. "ಬೆಕ್ಕು ಮರಿ ಹಾಕಿತಾ?" ಎಂದು ಕೇಳಿದರೆ ನಾನು ಕಷ್ಟದಲ್ಲಿದ್ದೇನೆ ಎಂದರ್ಥ. ನಗಬೇಡಿ, ಇಂಥ ಒಂದು ಮಾತು ಜೀವ ಉಳಿಸಬಹುದು.

ಕಳಿಸಿದ ದುಡ್ಡು ಎಲ್ಲಿ ಹೋಗುತ್ತದೆ?

ವಿದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಊರಿನ ಮಾಮೂಲು ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಬೇಕು. ಅಲ್ಲಿ ದುಡಿದ ಹಣಕ್ಕೆ ಎನ್.ಆರ್.ಇ. ಖಾತೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಹುಂಡಿಯಲ್ಲಿ ಕಳಿಸಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಆಸೆ ಪಡಬೇಡಿ. ಅದು ಕಾನೂನಿಗೆ ವಿರುದ್ಧ, ದುಡ್ಡು ಮುಳುಗಿದರೆ ಕೇಳುವವರಿಲ್ಲ. ಅಲ್ಲಿ ಬ್ಯಾಂಕುಗಳು ಕರೆದು ಕರೆದು ಸಾಲ, ಕ್ರೆಡಿಟ್ ಕಾರ್ಡು ಕೊಡುತ್ತವೆ. ತೀರಿಸದೆ ಕೇಸು ಬಿದ್ದರೆ ದೇಶ ಬಿಟ್ಟು ಹೋಗದಂತೆ ತಡೆ ಬರಬಹುದು. ಅಪ್ಪ ತೀರಿಕೊಂಡರೂ ಊರಿಗೆ ಬರಲಾಗದೆ ಕೂರಬೇಕಾದ ಸ್ಥಿತಿ ಅದು.

ಮನೆಯವರಿಗೂ ಒಂದು ಮಾತು. ಗಲ್ಫಿನ ಕೆಲಸ ಕಾಯಂ ಅಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಇದ್ದದ್ದನ್ನೆಲ್ಲ ಬಿಟ್ಟು, ಬಹುಪಾಲು ಜೋರ್ಡಾನಿನ ಅಮ್ಮಾನ್ ಮೂಲಕ ಊರು ಸೇರಿದರು. 2020ರ ಕೊರೊನಾ ಕಾಲದಲ್ಲಿ ಮತ್ತೆ ಎಷ್ಟೋ ಜನ ಕೆಲಸವಿಲ್ಲದೆ ಮರಳಿದರು. ಬಂದ ದುಡ್ಡಿನಲ್ಲಿ ಮೊದಲು ಸಾಲ, ಆಮೇಲೆ ಮನೆ ಖರ್ಚು, ಪ್ರತಿ ತಿಂಗಳು ಸ್ವಲ್ಪ ಅವನ ಹೆಸರಿನಲ್ಲೇ ಉಳಿತಾಯ. ಎರಡನೇ ಮಾಳಿಗೆ, ಆಡಂಬರದ ರೋಸ್ ಎಲ್ಲ ಆಮೇಲೆ ನೋಡುವ.

ಕಷ್ಟ ಬಂದರೆ

ಸಂಬಳ ಒಂದು ತಿಂಗಳು ತಪ್ಪಿದರೆ ಕೇಳಿ, ಎರಡು ತಿಂಗಳಾದರೆ ದೂರು ಕೊಡಿ. ವರ್ಷಗಟ್ಟಲೆ ಕಾಯಬೇಡಿ. ದೂರು ಮೊದಲು ಅಲ್ಲಿಯ ಕಾರ್ಮಿಕ ಇಲಾಖೆಗೆ, ಜೊತೆಗೆ ಭಾರತೀಯ ರಾಯಭಾರ ಕಚೇರಿಗೆ. ಕೆಲಸ ಬಿಟ್ಟು ಓಡುವುದಕ್ಕಿಂತ ದೂರು ಕೊಟ್ಟು ಹೊರಬರುವುದು ಎಷ್ಟೋ ಪಾಲು ಸುರಕ್ಷಿತ. ಹೊಡೆತ, ಬಡಿತ, ಜೀವಭಯ ಇದ್ದರೆ ಮಾತ್ರ ಯಾವುದಕ್ಕೂ ಕಾಯದೆ ನೇರವಾಗಿ ರಾಯಭಾರ ಕಚೇರಿಗೆ ಹೋಗಿ. ಅಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಷ್ಟದಲ್ಲಿರುವವರ ವಸತಿ, ಊಟ, ಕಾನೂನು ಸಹಾಯ, ಊರಿಗೆ ಟಿಕೆಟ್, ತೀರಿಕೊಂಡವರ ಶವ ಕಳಿಸುವುದು, ಇವುಗಳಿಗೆ ಅದರಿಂದ ನೆರವು ಸಿಗುತ್ತದೆ.

ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ "ಮದದ್" ವೆಬ್‌ಸೈಟಿನಲ್ಲಿ ದೂರು ದಾಖಲಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಫೋನ್ 1800 11 3090. ದುಬೈಯಲ್ಲಿರುವವರಿಗೆ 800 46342. ಕುವೈತ್ ಕನ್ನಡ ಕೂಟ, ಬಹ್ರೇನಿನ ಕನ್ನಡ ಸಂಘ, ಕರ್ನಾಟಕ ಸಂಘ ಕತಾರ್ ಮುಂತಾದ ನಮ್ಮವರ ಸಂಘಗಳ ಪರಿಚಯವನ್ನು ಕಷ್ಟ ಬಂದ ಮೇಲೆ ಅಲ್ಲ, ಹೋದ ಹೊಸತರಲ್ಲೇ ಮಾಡಿಕೊಳ್ಳಿ.

ಮನೆಯಲ್ಲಿ ಇರಬೇಕಾದ ಒಂದು ಫೈಲು

1. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರದ ಪ್ರತಿ. ಕಾರ್ಡು ಬಂದ ಮೇಲೆ ಅದರದ್ದೂ.
2. ಕಂಪೆನಿ ಅಥವಾ ಮಾಲೀಕರ ಹೆಸರು, ವಿಳಾಸ, ಫೋನ್.
3. ಏಜೆಂಟ್‌ನ ಲೈಸೆನ್ಸ್ ನಂಬರ್, ದುಡ್ಡು ಕೊಟ್ಟ ರಶೀದಿ.
4. ವಿಮಾ ಪಾಲಿಸಿ, ಬ್ಯಾಂಕ್ ಖಾತೆಯ ವಿವರ, ನಾಮಿನಿ ಯಾರೆಂಬುದು.
5. ಅಲ್ಲಿ ಜೊತೆಗಿರುವ ಇಬ್ಬರ ಫೋನ್ ನಂಬರ್.

ಐದನೆಯದ್ದನ್ನು ಹೆಚ್ಚಿನವರು ಮರೆಯುತ್ತಾರೆ. ಅವನ ಫೋನ್ ಎರಡು ವಾರ ಸ್ವಿಚ್ ಆಫ್ ಎಂದಾದಾಗ ಯಾರನ್ನು ಕೇಳುವುದು ಎಂದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರೋಣ: ಇದನ್ನು ಮನೆಯವರು ಯಾಕೆ ಓದಬೇಕು? ಗಲ್ಫಿನಿಂದ ಬರುವ ಫೋನುಗಳು ಹೆಚ್ಚಾಗಿ ಹೀಗೆ ಇರುತ್ತವೆ. "ಊಟ ಆಯ್ತಾ ಮಗ?" "ಆಯ್ತಮ್ಮ." "ಕೆಲಸ ಹೇಗುಂಟು?" "ಒಳ್ಳೇದುಂಟು." "ಈ ತಿಂಗಳು ಎಷ್ಟು ಹಾಕ್ತಿ?" ಸಾಲ ಮಾಡಿ ಕಳಿಸಿದ ಅಮ್ಮನಿಗೆ ನೋವಾಗಬಾರದೆಂದು ಮಗ ಎಲ್ಲ ಒಳ್ಳೇದುಂಟು ಎನ್ನುತ್ತಾನೆ. ಅಮ್ಮ ನಂಬುತ್ತಾಳೆ. ನಡುವೆ ಎಂಟು ತಿಂಗಳ ಸಂಬಳ ಬಾಕಿಯಾಗಿರುತ್ತದೆ, ಅಕಾಮದ ಅವಧಿ ಮುಗಿದಿರುತ್ತದೆ.

ಮುಂದಿನ ಸಲ ಫೋನು ಬಂದಾಗ ಬೇರೆ ಪ್ರಶ್ನೆ ಕೇಳಿ. ಕಾರ್ಡು ಬಂತಾ? ಅದರ ತಾರೀಕು ಎಲ್ಲಿವರೆಗೆ ಉಂಟು? ಪಾಸ್‌ಪೋರ್ಟ್ ಯಾರ ಹತ್ತಿರ? ಸಂಬಳ ಬ್ಯಾಂಕಿಗೆ ಬಂತಾ? ರಾತ್ರಿ ನಿದ್ರೆ ಬರ್ತದಾ? ಕೊನೆಗೆ ಇನ್ನೊಂದು ಮಾತು ಹೇಳಿ: "ಸಾಲ ನಾವು ಹೇಗಾದರೂ ತೀರಿಸುವ. ಆಗದಿದ್ದರೆ ನೀನು ಬಾ." ಈ ಮಾತು ಮನೆಯಿಂದ ಬಂದವನು ದೂರು ಕೊಡಲು ಹೆದರುವುದಿಲ್ಲ.